ಮೇಸ್ತ್ರಿ ಬರೆದ ಐದಡಿ

ಕಡಲಲ್ಲಿ ಎಣ್ಣೆಬಾವಿ ಕೊರೆಯುವ ರಿಗ್ಗಿಗೆ ಮೂರು ಉಕ್ಕಿನ ಕಾಲು. ಅವನ್ನು ತಳಕ್ಕೆ ಊರಿ, ಇಡೀ ರಿಗ್ಗನ್ನು ನೀರಿನಿಂದ ಮೇಲೆತ್ತುವುದು ನಮ್ಮ ಜ್ಯಾಕ್ ಮೇಸ್ತ್ರಿಯ ಕೆಲಸ. ಇಪ್ಪತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದ, ಹೇಳಿಕೊಡಲು ಹೋದವರ ಬಾಯಿ ಮುಚ್ಚಿಸುತ್ತಿದ್ದ.

ಹೊಸ ಜಾಗದಲ್ಲಿ ಮೊದಲು ತಳ ಗಟ್ಟಿಯೇ ಎಂದು ನೋಡಬೇಕು. ಅದಕ್ಕೆ ತೊಟ್ಟಿಗಳಿಗೆ ನೀರು ತುಂಬಿ ಕಾಲುಗಳ ಮೇಲೆ ಭಾರ ಹೇರುತ್ತಾರೆ. ಆಗ ರಿಗ್ಗು ನೀರಿಗಿಂತ ಐದಡಿಯಷ್ಟೇ ಮೇಲಿರಬೇಕು; ಒಂದು ಕಾಲು ಹೂತುಹೋದರೂ ನೀರೇ ರಿಗ್ಗನ್ನು ತಡೆದು ತೇಲಿಸುತ್ತದೆ. ಒಂದು ದಿನ ಹೀಗೆ ಭಾರ ಹೇರುವಾಗ ಅಲೆಗಳು ರಿಗ್ಗಿನ ಅಡಿಭಾಗಕ್ಕೆ ಬಡಿಯುತ್ತಿದ್ದವು. ಅವು ಇಳಿಯಲೆಂದು ಕಾಯುವಷ್ಟು ತಾಳ್ಮೆ ಈ ಮಹಾರಾಯನಿಗೆಲ್ಲಿ? ಹನ್ನೆರಡಡಿ ಎತ್ತಿಬಿಟ್ಟ. ಒಂದು ಕಾಲು ಧಸಕ್ಕನೆ ಕುಸಿದು ರಿಗ್ಗು ವಾಲಿತು. ಅಡುಗೆಮನೆಯಲ್ಲಿ ಕಾದ ಎಣ್ಣೆಯ ಬಾಣಲೆ ಜಾರಿ, ಅಡುಗೆಯವನ ಭಾವಮೈದುನನ ಎರಡೂ ಕೈ ಬೆಂದವು. ಅವನು ಅಲ್ಲೇ ಬಡಿಸುವ ಕೆಲಸದಲ್ಲಿದ್ದ.

ವಿಚಾರಣೆಯಲ್ಲಿ ಮೇಸ್ತ್ರಿ, ತಳ ಕೈಕೊಟ್ಟಿತು ಎಂದ. ಕಾಗದದಲ್ಲಿ ಐದಡಿ ಎಂದೇ ಬರೆದಿದ್ದ. ಎಲ್ಲರೂ ನಂಬಿದರು.

ಆಮೇಲೆ ಮೂರು ವರ್ಷ ಮೇಸ್ತ್ರಿ ಅಡುಗೆಯವನನ್ನು ಕಂಡರೆ ಬೀದಿ ಬದಲಿಸುತ್ತಿದ್ದ. ಒಂದು ಸಂಜೆ ಅಂಗಡಿಯೆದುರು ಸಿಕ್ಕಿಬಿದ್ದ. ಅಡುಗೆಯವನು ಕೈಹಿಡಿದು ಮನೆಗೆ ಎಳೆದೊಯ್ದ.

"ಯಾಕೆ ಮೇಸ್ತ್ರಿಗಳೇ, ನನ್ನ ಮೇಲೆ ಕೋಪಾನಾ?" ಎಂದ ಕುರ್ಚಿ ಕೊಡುತ್ತ. "ಇರ್ಲಿ ಬಿಡಿ, ತಪ್ಪು ನಂದೇ. ಬಾಣಲೆ ಜಾರದ ಹಾಗೆ ಒಲೆಗೆ ಕಂಬಿ ಹಾಕಿದ್ದೆ ಅಂತ್ಲೇ ನೆನಪು. ಆದ್ರೆ ಐದಡಿ ಮೇಲಿಂದ ರಿಗ್ಗು ಅಷ್ಟೇನೂ ವಾಲಲ್ವಂತೆ, ಕಂಬಿ ಇದ್ದಿದ್ರೆ ತಡೀತಿತ್ತಂತೆ. ಹಾಕಿರ್ಲಿಲ್ಲ ಅಂತ ಕಾಣುತ್ತೆ. ಇವಳು ನನ್ಜೊತೆ ಮುಖ ಕೊಟ್ಟು ಮಾತಾಡಿ ಮೂರು ವರ್ಷ ಆಯ್ತು. ಅವಳ ತಮ್ಮ ಅಲ್ವಾ."

ಮೇಸ್ತ್ರಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. ಇಷ್ಟು ದಿನ ತನ್ನ ಮಾನವೊಂದನ್ನೇ ಕಾಪಾಡಿಕೊಂಡೆ ಅಂದುಕೊಂಡಿದ್ದ. ಇನ್ನೊಬ್ಬನ ಸಂಸಾರ ಹಾಳುಮಾಡಿದ್ದು ಈಗ ತಿಳಿಯಿತು.

"ಐದಲ್ಲ ಕಣಯ್ಯಾ, ಹನ್ನೆರಡು," ಎಂದ ತಲೆತಗ್ಗಿಸಿ. "ಅಷ್ಟು ವಾಲಿದ್ಮೇಲೆ ಯಾವ ಕಂಬೀನೂ ತಡೀತಿರ್ಲಿಲ್ಲ. ನಾನೇ ಸುಳ್ಳು ಬರ್ದೆ."

ಅಡುಗೆಯವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಒಳಬಾಗಿಲ ಕಡೆ ತಿರುಗಿ ಕೂಗಿದ.

"ಏ ಇವಳೇ, ನಿನ್ನ ತಮ್ಮನ್ನ ಕರ್ಕೊಂಡು ಬಾ ಇಲ್ಲಿ. ಮೇಸ್ತ್ರಿಗಳು ಏನೋ ಹೇಳ್ಬೇಕಂತೆ."

ಇಬ್ಬರೂ ಬಂದು ನಿಂತರು. ಮೇಸ್ತ್ರಿ ಕುರ್ಚಿಯಿಂದೆದ್ದು, ಆ ಕೈಗಳತ್ತ ನೋಡಲಾರದೆ, ಮೊದಲಿನಿಂದ ಹೇಳತೊಡಗಿದ.