ಶನಿವಾರವಾಗಿಬಿಟ್ಟ ಸೋಮವಾರ

ಮಠದ ಹಾಸ್ಟೆಲಿನಲ್ಲಿ ಓದಿದವನು ನಾನು. ಗಂಟೆ ಹೊಡೆದರೆ ಏಳುವುದು, ಗಂಟೆ ಹೊಡೆದರೆ ಉಣ್ಣುವುದು. ಆ ಅಭ್ಯಾಸದಿಂದಲೇ ಇರಬೇಕು, ಕಡೂರಿನ ನಮ್ಮ ಮನೆಯ ಹಳೇ ಕಂಪ್ಯೂಟರಿನಲ್ಲಿ ನೆನಪು ಮಾಡಿಕೊಡುವ ಒಂದು ಸಣ್ಣ ಪ್ರೋಗ್ರಾಂ ಕಂಡಾಗ ಬಹಳ ಹಿಡಿಸಿತು. ದಿನ, ಹೊತ್ತು, ಕೆಲಸ ಬರೆದಿಟ್ಟರೆ ಸಮಯಕ್ಕೆ ಸರಿಯಾಗಿ ಗಂಟೆ ಹೊಡೆಯುತ್ತಿತ್ತು.

ತೊಂದರೆ ಒಂದೇ. ಕಂಪ್ಯೂಟರಿನ ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿತ್ತು. ಕರೆಂಟು ಹೋಗಿ ಬಂದರೆ ತಾರೀಖು ಎಲ್ಲೋ ಹಿಂದಿನ ವರ್ಷಕ್ಕೆ ಹೋಗುತ್ತಿತ್ತು. ಬ್ಯಾಟರಿ ಹಾಕಿಸಲಿಲ್ಲ. ಬೆಳಿಗ್ಗೆ ಸ್ನಾನವಾದ ಮೇಲೆ ಕ್ಯಾಲೆಂಡರಿನ ಒಂದು ಹಾಳೆ ಹರಿಯುವುದು, ಅದನ್ನು ನೋಡಿ ತಾರೀಖು ಸರಿಮಾಡುವುದು ನನ್ನ ನಿಯಮವಾಗಿತ್ತು. ಹಾಳೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಹೆಂಡತಿಗೆ ಗುರುವಾರ ತರೀಕೆರೆಯಲ್ಲಿ ಕಣ್ಣಿನ ಪೊರೆ ಆಪರೇಷನ್ ಇತ್ತು. ಕೆಮ್ಮಿನಿಂದ ಒಮ್ಮೆ ಮುಂದಕ್ಕೆ ಹೋಗಿತ್ತು. ಅಷ್ಟರಲ್ಲಿ ಅವಳು ಹಾಲಿಗೆ ಎರಡು ಸಲ ಉಪ್ಪು ಹಾಕಿದ್ದಳು. ಸೋಮವಾರದಿಂದ ದಿನಕ್ಕೆ ನಾಲ್ಕು ಸಲ ಕಣ್ಣಿಗೆ ಹನಿ ಬಿಡಬೇಕು, ತಪ್ಪಿದರೆ ಬರಬೇಡಿ ಎಂದಿದ್ದರು ಡಾಕ್ಟರು. ಅದನ್ನೆಲ್ಲ ಪ್ರೋಗ್ರಾಮಿಗೆ ಬರೆದು, ಶುಕ್ರವಾರದ ಹಾಳೆ ಕಾಣುವಂತೆ ಮಾಡಿ, ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಅಜ್ಜಂಪುರಕ್ಕೆ ಹೋದೆ. ಭಾನುವಾರ ಸಂಜೆ ಬಂದೆ.

ಮಾರನೆಯ ಬೆಳಿಗ್ಗೆ ಎಂದಿನಂತೆ ಸ್ನಾನ, ಎಂದಿನಂತೆ ಒಂದು ಹಾಳೆ. ಶನಿವಾರ ಬಂತು. ಕಂಪ್ಯೂಟರಿಗೂ ಶನಿವಾರ ಕೊಟ್ಟೆ. ಓದದೆ ಉಳಿದ ಪತ್ರಿಕೆಗಳನ್ನು ಹಳೆಯದರಿಂದ ಕ್ರಮವಾಗಿ ಓದುವವನು ನಾನು, ಮೊದಲು ತೆಗೆದದ್ದೂ ಶನಿವಾರದ್ದೇ.

ಹನಿ ಬಿಡೋದಿಲ್ವಾ ಎಂದು ಅವಳು ತಿಂಡಿಯ ಹೊತ್ತಿಗೇ ಕೇಳಿದಳು. ಗಂಟೆ ಹೊಡೆಯಲಿ ಎಂದೆ.

ಆದರೆ ಕೂತಲ್ಲಿ ಕೂರಲಾಗಲಿಲ್ಲ. ಏನೋ ತಪ್ಪಿದೆ ಅನ್ನಿಸುತ್ತಿತ್ತು. ಮೂರು ಸಲ ಎದ್ದು ಸ್ಪೀಕರಿನ ವೈರು ಅದುಮಿದೆ. ಬಾಗಿಲಿಗೆ ಹೋದೆ, ಬಂದೆ. ಬೀದಿ ಯಾಕೆ ಇಷ್ಟು ತಣ್ಣಗಿದೆ ಎಂದುಕೊಂಡೆ.

ಮೂರು ಗಂಟೆಗೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರೀ, ಇನ್ನೂ ಹೊಡೀಲಿಲ್ವಾ ನಿಮ್ ಗಂಟೆ?"

"ಸೋಮವಾರಕ್ಕೆ ಇನ್ನೂ ಎರಡು ದಿನ ಇದೆ ಕಣೇ."

"ಶನಿವಾರ ಬೆಳಗಿನ ಸ್ಕೂಲು ಕಣ್ರೀ. ಎದುರುಮನೆ ಮಕ್ಕಳು ಇಷ್ಟೊತ್ಗೆ ಬೀದೀಲಿ ಕೂಗ್ತಿರ್ಬೇಕಿತ್ತು. ಕೇಳಿಸ್ತಾ? ನಂಗೆ ಕಣ್ಣು ಮಂಜು, ನಿಮ್ಗೇನಾಗಿದೆ?"

ಅಂದರೆ ಇವತ್ತೇ ಸೋಮವಾರ! ಆಸ್ಪತ್ರೆಗೆ ಫೋನು ಮಾಡುವಾಗ ನಂಬರನ್ನು ಎರಡು ಸಲ ತಪ್ಪು ಒತ್ತಿದೆ. ನರ್ಸಮ್ಮ ಡಾಕ್ಟರನ್ನು ಕೇಳಿ ಬಂದರು. "ಈಗ್ಲೇ ಶುರು ಮಾಡಿ. ನಾಳೆಯಿಂದ ಒಂದೂ ತಪ್ಪಿಸ್ಬೇಡಿ. ಗುರುವಾರ ಬನ್ನಿ."

ಹನಿ ಬಿಟ್ಟೆ. ಒಂದು ಹನಿ ಕೆನ್ನೆಗೆ ಬಿತ್ತು. ಆಮೇಲೆ ಹೋಗಿ ತಾರೀಖು ಸರಿಮಾಡಿದ್ದೇ ತಡ, ತಪ್ಪಿಹೋದ ಗಂಟೆಗಳೆಲ್ಲ ಒಂದರ ಹಿಂದೊಂದು ಹೊಡೆದವು. ಅವಳು ಮುಚ್ಚಿದ ಕಣ್ಣು ತೆರೆಯದೆಯೇ, "ಅಪ್ಪಣೆ ಆಯ್ತಾ?" ಎಂದಳು.

ಗುರುವಾರದವರೆಗೆ ಗಂಟೆಗೆ ಕಾಯಲಿಲ್ಲ, ಅವಳನ್ನೇ ಕೇಳಿ ಹಾಳೆ ಹರಿದೆ. ಆದರೂ ತರೀಕೆರೆ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಾಗ ತಡೆಯಲಾಗಲಿಲ್ಲ; ಇವತ್ತು ಗುರುವಾರ ತಾನೇ ಎಂದು ಕಂಡಕ್ಟರನ್ನು ಕೇಳಿಯೇಬಿಟ್ಟೆ.

"ಹತ್ತಿ ಯಜಮಾನ್ರೇ," ಎಂದ. "ರಾತ್ರಿವರ್ಗೂ ಗುರುವಾರನೇ."