ಮೇಣದಕ್ಕನ ಮೂರು ನಿಮಿಷ

ಹಲ್ಲಿನ ಸೆಟ್ಟು ತಯಾರಿಸುವ ಆ ಕಾರ್ಯಾಗಾರದಲ್ಲಿ ಎಲ್ಲರೂ ಅವಳನ್ನು ಮೇಣದಕ್ಕ ಎಂದೇ ಕರೆಯುತ್ತಿದ್ದರು. ಡಾಕ್ಟರುಗಳು ಕಳಿಸುವ ದವಡೆಯ ಅಚ್ಚಿನ ಮೇಲೆ ಗುಲಾಬಿ ಮೇಣದ ಒಸಡು ಕಟ್ಟಿ, ಅದರಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸುವುದು ಅವಳ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಸ್ಟೂಲು, ಅದೇ ಕಿಟಕಿ. ಕೈ ಎಷ್ಟು ನಿಧಾನವೋ ಬಾಯಿ ಅಷ್ಟೇ ಜೋರು. ಯಾರಾದರೂ ಡಾಕ್ಟರು "ಮುಂದಿನ ಹಲ್ಲು ಸೊಟ್ಟಗಿದೆ" ಎಂದು ಸೆಟ್ಟನ್ನು ವಾಪಸು ಕಳಿಸಿದರೆ, "ಆ ಮನುಷ್ಯನ ಮುಖಾನೇ ಸೊಟ್ಟಗಿದ್ರೆ ನಾನೇನ್ ಮಾಡ್ಲಿ?" ಎಂದು ಇಡೀ ಕೋಣೆಗೆ ಕೇಳುವಂತೆ ಹೇಳಿ, ಮತ್ತೆ ಮೇಣ ಕಾಯಿಸಲು ಕೂರುತ್ತಿದ್ದಳು.

ಊಟದ ಬಿಡುವು ನಲವತ್ತು ನಿಮಿಷ. ಹತ್ತು ನಿಮಿಷದಲ್ಲಿ ಡಬ್ಬಿ ಖಾಲಿ ಮಾಡಿ, ಕೈ ತೊಳೆದು, ಉಳಿದ ಅರ್ಧ ಗಂಟೆ ಫೋನಿನಲ್ಲಿ ಚದುರಂಗ. ಅದೂ ಮೂರು ನಿಮಿಷದ ಆಟ. ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಮೂರೇ ನಿಮಿಷ. ನಿಮ್ಮ ಹತ್ತಿರ ಎರಡು ಆನೆ ಹೆಚ್ಚಿರಲಿ, ಗಡಿಯಾರ ಸೊನ್ನೆಗೆ ಬಂದರೆ ಸೋತಂತೆಯೇ. ಈ ಚಟ ಹತ್ತಿಸಿದವನು ಅವಳ ಅಣ್ಣ. ನೀರು ಸರಬರಾಜು ಇಲಾಖೆಯ ಎಂಜಿನಿಯರಾಗಿ ನಿವೃತ್ತನಾದ ಮೇಲೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಊರಿನ ಆ ತುದಿಯಲ್ಲಿದ್ದ ಮನೆಯಿಂದ ದಿನವೂ ಮಧ್ಯಾಹ್ನ ಒಂದೂವರೆಗೆ ಸರಿಯಾಗಿ ಫೋನಿನಲ್ಲಿ ತಂಗಿಯನ್ನು ಆಟಕ್ಕೆ ಕರೆಯುತ್ತಿದ್ದ. ಗೆಲ್ಲುತ್ತಿದ್ದ. ಗೆದ್ದಾದ ಮೇಲೆ ಒಂದು ಸಂದೇಶ ತಪ್ಪದೆ ಬರುತ್ತಿತ್ತು: "ಇನ್ನೂ ಬೆಳೀಬೇಕು ಕಣೇ ನೀನು."

ಐವತ್ಮೂರು ವಯಸ್ಸಿನ ಹೆಂಗಸಿಗೆ!

ಮೇಣದಕ್ಕ ಹಲ್ಲು ಕಡಿಯುತ್ತಿದ್ದಳು. ಸೋತ ಸಿಟ್ಟಿನಲ್ಲೇ ಮತ್ತೊಂದು ಆಟ, ಅದು ಸೋತರೆ ಇನ್ನೊಂದು. ಬಿಡುವು ಮುಗಿಯುವಷ್ಟರಲ್ಲಿ ಆರು ಸಲ ಸೋತು, ಕಿವಿ ಕೆಂಪಗೆ ಮಾಡಿಕೊಂಡು ಸ್ಟೂಲಿಗೆ ಮರಳುತ್ತಿದ್ದಳು. ಪಕ್ಕದ ಮೇಜಿನಲ್ಲಿ ಸೆಟ್ಟುಗಳಿಗೆ ಹೊಳಪು ಕೊಡುತ್ತಿದ್ದ ಪಾಲಿಶಣ್ಣ ಅವಳ ವಾರಗೆಯವನೇ. ಒಂದು ದಿನ ಯಂತ್ರ ನಿಲ್ಲಿಸಿ ಹೇಳಿದ:

"ಅಕ್ಕ, ಹೀಗೆ ಕೋಪ ಮಾಡ್ಕೊಂಡು ಕೂರಿಸಿದ್ರೆ ಆ ಹಲ್ಲು ಹಾಕ್ಕೊಂಡೋರು ಊಟ ಬಿಟ್ಟು ಮನೆಯವರನ್ನೇ ಕಚ್ತಾರೆ."

"ನನ್ನಣ್ಣನಿಗೆ ಒಂದು ಸೆಟ್ ಮಾಡಿಕೊಡ್ತೀನಿ ಇರು, ಬಾಯೇ ತೆಗೀಬಾರದು ಹಾಗೆ."

ಅಣ್ಣನ ಬಾಯಿ ಮುಚ್ಚಿಸಲು ಅವಳು ಹಿಡಿದದ್ದು ಬೇರೆ ದಾರಿ. ಎರಡು ಗೆರೆಯ ಒಂದು ನೋಟುಪುಸ್ತಕ ತಂದು, ಸೋತ ಪ್ರತಿ ಆಟಕ್ಕೂ ಒಂದು ಸಾಲು ಬರೆಯತೊಡಗಿದಳು. ಏಕೆ ಸೋತೆ? ಅಷ್ಟೇ. ನೂರು ಸೋಲು ತುಂಬಿದ ದಿನ ಕೂತು ಓದಿದಳು. ನಲವತ್ತೊಂದು ಕಡೆ "ಸಮಯ" ಎಂದಿತ್ತು. ಮೂವತ್ಮೂರು ಕಡೆ "ಕಾಯಿ ಸುಮ್ಮನೆ ಕೊಟ್ಟೆ". ಹತ್ತೊಂಬತ್ತು ಕಡೆ "ಸಿಟ್ಟು". ಉಳಿದ ಏಳರಲ್ಲಿ ಮಾತ್ರ "ಎದುರಿನವರು ಚೆನ್ನಾಗಿ ಆಡಿದರು" ಎಂದು ಬರೆದಿತ್ತು. ಅಂದರೆ ನೂರರಲ್ಲಿ ತೊಂಬತ್ಮೂರು ಸಲ ಅವಳನ್ನು ಸೋಲಿಸಿದ್ದು ಅವಳೇ. ಇದನ್ನು ಕಂಡು ಅವಳಿಗೆ ಬಂದ ಸಿಟ್ಟಿಗೆ ಸಾಲು ಬರೆಯಲು ಪುಸ್ತಕದಲ್ಲಿ ಜಾಗವಿರಲಿಲ್ಲ.

ಅಂದಿನಿಂದ ಕಟ್ಟುನಿಟ್ಟು. ಎರಡು ಆಟ ಒಂದರ ಹಿಂದೊಂದು ಸೋತರೆ ಫೋನು ಮೇಜಿನ ಖಾನೆಯೊಳಗೆ, ಪ್ಲಾಸ್ಟರಿನ ದವಡೆಗಳ ನಡುವೆ. ಆ ದಿನಕ್ಕೆ ಮುಗಿಯಿತು. ಬಿಳಿ ಕಾಯಿ ಬಂದರೆ ಒಂದೇ ಬಗೆಯ ಆರಂಭ, ಕಪ್ಪು ಬಂದರೂ ಒಂದೇ. ಮೊದಲ ಹತ್ತು ನಡೆಗೆ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಖರ್ಚಾಗಬಾರದು. ಬೆಳಿಗ್ಗೆ ಬಸ್ಸಿನಲ್ಲಿ ಇಪ್ಪತ್ತು ಒಗಟು ಬಿಡಿಸಲೇಬೇಕು. ಎರಡು ನಡೆಯಲ್ಲಿ ರಾಣಿ ಹಿಡಿ, ಮೂರರಲ್ಲಿ ರಾಜನನ್ನು ಕಟ್ಟು, ಇಂಥವು. ಪ್ರತಿ ನಡೆಗೂ ಮುಂಚೆ ತುಟಿಯಲ್ಲೇ ಒಂದು ಪ್ರಶ್ನೆ: "ಇವನು ಈಗ ಏನು ತಿನ್ನೋಕೆ ನೋಡ್ತಿದ್ದಾನೆ?" ಭಾನುವಾರ ಗಂಡ ಅಡುಗೆ ಮಾಡುವಾಗ ಅವಳು ಅಡುಗೆಮನೆಯ ಮೇಜಿನಲ್ಲೇ ಕೂತು, ಒಂದು ಆನೆ ಒಂದು ಕಾಲಾಳು ಉಳಿದಾಗ ಗೆಲ್ಲುವುದು ಹೇಗೆಂದು ಕಲಿಯುತ್ತಿದ್ದಳು. "ಉಪ್ಪು ನೋಡು" ಎಂದು ಅವನು ಚಮಚ ಚಾಚಿದರೆ, "ಆನೆ ಹಿಂದೆ ಇರ್ಬೇಕು" ಎನ್ನುತ್ತಿದ್ದಳು. ಅವನು ಉಪ್ಪನ್ನು ತಾನೇ ನೋಡಿಕೊಳ್ಳುತ್ತಿದ್ದ.

ಮೊದಲ ಮೂರು ತಿಂಗಳು ಏನೂ ಆಗಲಿಲ್ಲ. ಗೆದ್ದರೆ ಏರುವ, ಸೋತರೆ ಇಳಿಯುವ ಅಂಕ, ಎಂಟುನೂರ ಎಪ್ಪತ್ತಿದ್ದ ರೇಟಿಂಗು, ಎಂಟುನೂರ ಇಪ್ಪತ್ತಕ್ಕೆ ಇಳಿಯಿತು. ನಾಲ್ಕನೇ ತಿಂಗಳಲ್ಲಿ ಅದೇನಾಯಿತೋ, ಕಾಯಿಗಳು ತಾವಾಗಿಯೇ ಕಾಣತೊಡಗಿದವು. ಒಂಬೈನೂರು, ಸಾವಿರ, ಸಾವಿರದ ಇನ್ನೂರು. ಒಂದು ಮಂಗಳವಾರ ಅಣ್ಣನನ್ನು ಸೋಲಿಸಿದಳು. "ಬೆರಳು ಜಾರಿತು" ಎಂದು ಸಂದೇಶ ಬಂತು. ಬುಧವಾರ ಮತ್ತೆ ಸೋಲಿಸಿದಳು. "ಕನ್ನಡಕ ಹಾಕಿರಲಿಲ್ಲ." ಗುರುವಾರ ಸಂದೇಶವೇ ಇಲ್ಲ. ಮುಂದಿನ ವಾರದಿಂದ ಒಂದೂವರೆಗೆ ಕರೆಯೂ ಇಲ್ಲ. ಅವಳು ಬೇರೆಯವರೊಂದಿಗೆ ಆಡುತ್ತಾ ಸಾವಿರದ ನಾನೂರು ದಾಟಿದಳು. ಅಣ್ಣನದು ಸಾವಿರದ ಮುನ್ನೂರ ಐವತ್ತು.

ಆಗ ಬಂತು ಆ ಮಾತು. ಮನೆಮಂದಿಯ ಗ್ರೂಪಿನಲ್ಲಿ, ಚಿಕ್ಕಪ್ಪಂದಿರು, ಅತ್ತೆಯರು, ಅವರ ಮಕ್ಕಳು ಎಲ್ಲ ಇರುವ ಕಡೆ, ಯಾರೋ ಚದುರಂಗದ ಸುದ್ದಿ ಎತ್ತಿದ್ದಕ್ಕೆ ಅಣ್ಣ ಬರೆದಿದ್ದ: "ಈಗಿನ ಕಾಲದಲ್ಲಿ ಕಂಪ್ಯೂಟರ್ ಪಕ್ಕದಲ್ಲಿಟ್ಕೊಂಡು ನೋಡ್ಕೊಂಡು ಆಡೋರೇ ಜಾಸ್ತಿ. ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ಐವತ್ತು ದಾಟಿದ ಮೇಲೆ ಬುದ್ಧಿ ಹೀಗೆಲ್ಲ ಚಿಗುರಲ್ಲ." ಕೆಳಗೆ ನಗುವ ಮುಖಗಳ ಸಾಲು.

ಮೇಣದಕ್ಕ ಅದನ್ನು ಓದಿದ್ದು ಕೆಲಸದ ನಡುವೆ. ಕೈಯಲ್ಲಿದ್ದ ಮೇಣದ ಚಾಕು ಕೆಳಗಿಟ್ಟಳು. ಉತ್ತರ ಬರೆದು, ಅಳಿಸಿ, ಫೋನನ್ನು ಖಾನೆಗೆ ಹಾಕಿದಳು. ಮೂರನೆಯ ದಿನ ಊಟದ ಬಿಡುವಿನಲ್ಲಿ ಆಟ ತೆರೆದರೆ ಬಾಗಿಲು ಮುಚ್ಚಿತ್ತು. "ನಿಮ್ಮ ಆಟದ ಬಗ್ಗೆ ದೂರು ಬಂದಿದೆ. ವಿಚಾರಣೆ ಮುಗಿಯುವವರೆಗೆ ನಿಮ್ಮ ಖಾತೆಯನ್ನು ತಡೆಹಿಡಿಯಲಾಗಿದೆ."

"ಕಳ್ಳಿ ಅಂತಿದ್ದಾರೆ ನನ್ನ!" ಎಂದಳು ಪಾಲಿಶಣ್ಣನಿಗೆ. "ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದೀನಿ ಇಲ್ಲಿ. ಒಂದು ಹಲ್ಲು ಮನೆಗೆ ತಗೊಂಡು ಹೋಗಿದ್ದೀನಾ?"

"ಯಾರಕ್ಕ ತಗೊಂಡು ಹೋಗ್ತಾರೆ ಹಲ್ಲನ್ನ?"

"ನಗಬೇಡ. ಮೈ ಉರೀತಿದೆ ನನಗೆ."

ಅವನು ನಗಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಉಳಿದುಕೊಂಡು, ಅವಳ ನೋಟುಪುಸ್ತಕದ ಪ್ರತಿ ಪುಟದ ಫೋಟೋ ತೆಗೆದುಕೊಟ್ಟ. ಮೂವತ್ತೊಂದು ಪುಟ. ಅವನ್ನೆಲ್ಲ ಸೇರಿಸಿ ಮೇಣದಕ್ಕ ಆ ಆಟದವರಿಗೆ ಪತ್ರ ಬರೆದಳು. ಕೊನೆಯ ಸಾಲು ಹೀಗಿತ್ತು: "ಮೋಸ ಮಾಡುವವಳು ತನ್ನ ತಪ್ಪುಗಳನ್ನು ಇಷ್ಟು ಕಷ್ಟಪಟ್ಟು ಬರೆದಿಡುವುದಿಲ್ಲ." ಹನ್ನೊಂದು ದಿನ ಉತ್ತರವಿಲ್ಲ. ಆ ಹನ್ನೊಂದು ದಿನ ಮನೆಯಲ್ಲಿ ಪಾತ್ರೆಗಳು ಇಟ್ಟ ಕಡೆ ಸದ್ದು ಮಾಡಿದವು. "ಅಣ್ಣ ತಾನೇ, ಬಿಟ್ಟುಬಿಡು" ಎಂದ ಗಂಡನಿಗೆ, "ನಿಮ್ಮನ್ನ ಕಳ್ಳ ಅಂದಿದ್ರೆ ನಾನು ಬಿಟ್ಟುಬಿಡು ಅಂತಿರಲಿಲ್ಲ" ಎಂದಳು. ಹನ್ನೆರಡನೆಯ ದಿನ ಖಾತೆ ತೆರೆಯಿತು. "ತಪ್ಪು ಕಂಡುಬಂದಿಲ್ಲ. ತೊಂದರೆಗೆ ವಿಷಾದಿಸುತ್ತೇವೆ." ಎರಡೇ ಸಾಲು.

ಆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವಳು ಅಣ್ಣನ ಮನೆಯ ಬಾಗಿಲಲ್ಲಿದ್ದಳು. ಚೀಲದಲ್ಲಿ ಮರದ ಕಾಯಿಗಳು, ಮಡಚುವ ಹಾಸು, ಮತ್ತು ಪಾಲಿಶಣ್ಣ ತನ್ನ ಗೆಳೆಯನಿಂದ ತಂದುಕೊಟ್ಟ ಎರಡು ಮುಖದ ಚದುರಂಗದ ಗಡಿಯಾರ.

"ಏನಿದು, ಹೇಳದೆ ಕೇಳದೆ?" ಎಂದ ಅಣ್ಣ.

"ಕಂಪ್ಯೂಟರ್ ತಂದಿಲ್ಲ. ಫೋನು ಅತ್ತಿಗೆ ಕೈಗೆ ಕೊಡ್ತೀನಿ. ಕೂತ್ಕೋ, ಆಡೋಣ."

"ನನಗೆ ತಲೆನೋವು."

"ಮಾತ್ರೆ ತಗೋ. ಕಾಯ್ತೀನಿ."

ಅತ್ತಿಗೆ ಒಳಗಿನಿಂದ ಬಂದು ಫೋನು ಈಸಿಕೊಂಡರು. ಊಟದ ಮೇಜಿನ ಮೇಲೆ ಹಾಸು ಬಿಚ್ಚಿಕೊಂಡಿತು. ಅಣ್ಣನಿಗೆ ಬೇರೆ ದಾರಿ ಉಳಿಯಲಿಲ್ಲ.

ಆದರೆ ಒಂದು ವಿಷಯ ಮೇಣದಕ್ಕನಿಗೆ ಹೊಳೆದಿರಲಿಲ್ಲ. ಫೋನಿನಲ್ಲಿ ಬೆರಳಿನಿಂದ ಸರಿಸಿದರೆ ಆಯಿತು. ಇಲ್ಲಿ ಕಾಯಿ ಎತ್ತಬೇಕು, ಇಡಬೇಕು, ಅದೇ ಕೈಯಿಂದ ಗಡಿಯಾರದ ಗುಂಡಿ ಒತ್ತಬೇಕು. ಅವಳು ಎರಡು ಸಲ ಒತ್ತಲು ಮರೆತಳು. ಹಾಸನ್ನು ಮೇಲಿನಿಂದ ನೋಡಿ ಅಭ್ಯಾಸವಿದ್ದ ಕಣ್ಣಿಗೆ ನಿಂತ ಕಾಯಿಗಳ ಹಿಂದೆ ಏನಿದೆಯೋ ಕಾಣಲಿಲ್ಲ. ಗೆಲ್ಲುವ ಆಟ ಕೈಯಲ್ಲಿದ್ದಾಗಲೇ ಗಡಿಯಾರ ಸೊನ್ನೆಗೆ ಬಂತು.

ಅಣ್ಣ ಕುರ್ಚಿಗೆ ಒರಗಿ ಎರಡೂ ಕೈ ಅಗಲಿಸಿದ. "ನೋಡಿದ್ಯಾ? ಕಂಪ್ಯೂಟರ್ ಇಲ್ಲ, ಆಟಾನೂ ಇಲ್ಲ. ನಾನು ಹೇಳಿದ್ದು ಸುಳ್ಳಾ?"

ಅವಳು ಗಡಿಯಾರವನ್ನು ಮತ್ತೆ ಮೂರು ನಿಮಿಷಕ್ಕೆ ಇಟ್ಟಳು. "ಇನ್ನೊಂದು" ಎಂದಳು.

"ಯಾಕೆ? ಸಾಬೀತಾಯ್ತಲ್ಲ."

"ಕೂತ್ಕೊಳ್ಳಿ" ಎಂದರು ಅತ್ತಿಗೆ. ಅವರ ದನಿ ತಣ್ಣಗಿತ್ತು. "ಇವಳ ಮೇಲೆ ಆ ದೂರು ಬರೆದದ್ದು ಯಾರು ಅಂತ ಹೇಳ್ಲಾ? ಇದೇ ಮೇಜಲ್ಲಿ ಕೂತು ಬರೆದಿರಿ. 'ವಿಚಾರಣೆ' ಅನ್ನೋದಕ್ಕೆ ಯಾವ ಚ ಅಂತ ನನ್ನೇ ಕೇಳಿದಿರಿ."

ಮೇಣದಕ್ಕ ಅಣ್ಣನ ಮುಖವನ್ನೇ ನೋಡಿದಳು. ಗ್ರೂಪಿನಲ್ಲಿ ಬರೆದದ್ದು ಬಾಯಿಚಪಲ ಎಂದುಕೊಂಡಿದ್ದಳು. ಇದು ಹಾಗಲ್ಲ. ಕೂತು, ಯೋಚಿಸಿ, ಕಾಗುಣಿತ ನೋಡಿಕೊಂಡು ಮಾಡಿದ ಕೆಲಸ. ಅವಳು ಕಾಯಿಗಳನ್ನು ಮತ್ತೆ ಜೋಡಿಸಿದಳು.

ಎರಡನೆಯ ಆಟವನ್ನು ಇಪ್ಪತ್ಮೂರು ನಡೆಯಲ್ಲಿ ಗೆದ್ದಳು. ಮೂರನೆಯದನ್ನೂ ಗೆದ್ದಳು. ನಾಲ್ಕನೆಯದರಲ್ಲಿ ಅಣ್ಣನ ರಾಣಿ ಸಿಕ್ಕಿಬಿತ್ತು. ಅವನು ಕೈ ಚಾಚಿ, "ಸಾಕು, ಊಟದ ಹೊತ್ತಾಯ್ತು" ಎನ್ನುತ್ತಾ ಕಾಯಿಗಳನ್ನು ಒಟ್ಟಿಗೆ ಬಾಚಲು ಹೊರಟ.

ಆ ಕೈಯನ್ನು ಮೇಣದಕ್ಕ ಬಲ್ಲಳು. ಹನ್ನೆರಡು ವರ್ಷದವಳಿದ್ದಾಗ, ಮೊಟ್ಟಮೊದಲ ಬಾರಿ ಅಣ್ಣನ ರಾಜನನ್ನು ಮೂಲೆಗೆ ಅಟ್ಟಿದ್ದ ದಿನ, ಇದೇ ಕೈ ಹೀಗೆಯೇ ಬಂದು ಹಲಗೆಯನ್ನು ಬಾಚಿಹಾಕಿತ್ತು. "ಅಮ್ಮ ಕರೀತಿದ್ದಾಳೆ ಹೋಗು" ಎಂದಿದ್ದ. ಅಮ್ಮ ಕರೆದಿರಲಿಲ್ಲ. ಹಲಗೆ ಅಟ್ಟಕ್ಕೆ ಹೋಯಿತು, ಅವನು ಕಾಲೇಜಿಗೆ ಹೋದ, ಮನೆಯಲ್ಲಿ ಅವಳೊಡನೆ ಆಡುವವರು ಯಾರೂ ಉಳಿಯಲಿಲ್ಲ. ನಲವತ್ತು ವರ್ಷ ಅವಳು ಒಂದು ಕಾಯಿಯನ್ನೂ ಮುಟ್ಟಿರಲಿಲ್ಲ.

ಅವಳು ಅವನ ಮಣಿಕಟ್ಟು ಹಿಡಿದಳು. ದಿನಕ್ಕೆ ಎಂಟು ಗಂಟೆ ಗಟ್ಟಿ ಮೇಣ ಕೊರೆಯುವ ಕೈಯ ಹಿಡಿತ ಅದು.

"ಕೈ ತೆಗಿ. ಗಡಿಯಾರ ಓಡ್ತಿದೆ."

"ಬಿಡೇ, ನೋಯುತ್ತೆ."

"ನೋಯಲಿ. ಆಡು. ಇಲ್ಲಾಂದ್ರೆ ಸೋತೆ ಅಂತ ಬಾಯಿಬಿಟ್ಟು ಹೇಳು."

ಅವನ ಗಡಿಯಾರದಲ್ಲಿ ನಲವತ್ತು ಸೆಕೆಂಡು ಇತ್ತು. ಅವನು ಆಡಲೂ ಇಲ್ಲ, ಹೇಳಲೂ ಇಲ್ಲ. ಮೂವರೂ ಅದು ಸೊನ್ನೆಗೆ ಇಳಿಯುವುದನ್ನು ನೋಡುತ್ತಾ ಕೂತರು. ಆಮೇಲೆ ಅಣ್ಣ ನೆಲ ನೋಡುತ್ತಾ ಹೇಳಿದ: "ಬೇರೆ ಯಾರ ಹತ್ರ ಸೋತ್ರೂ ಪರವಾಗಿಲ್ಲ. ನಿನ್ನ ಹತ್ರ ಸೋಲೋಕೆ ಆಗಲ್ಲ ನನಗೆ. ಯಾಕೋ ಗೊತ್ತಿಲ್ಲ."

"ನನಗೆ ಗೊತ್ತು" ಎಂದಳು ಮೇಣದಕ್ಕ. "ಗ್ರೂಪಲ್ಲಿ ಬರಿ. ಈಗಲೇ."

ಅವನು ಫೋನು ತೆಗೆದು ಬಹಳ ಹೊತ್ತು ಒತ್ತಿ, "ತಂಗಿ ಕಂಪ್ಯೂಟರ್ ಇಲ್ಲದೆ ತಾನೇ ಆಡುತ್ತಾಳೆ" ಎಂದು ಬರೆದ.

"ಇನ್ನೊಂದು ಸಾಲು."

"ಏನಂತ?"

"ನಾನು ಹೇಳಿದ್ದು ಸುಳ್ಳು ಅಂತ."

"ನನ್ನ ತಪ್ಪು ತಿಳುವಳಿಕೆ" ಎಂದು ಬರೆದ. ಅವಳು ಅದನ್ನು ಓದಿದಳು. ಸುಳ್ಳಿಗೂ ತಪ್ಪು ತಿಳುವಳಿಕೆಗೂ ಇರುವ ಅಂತರ ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಅವನಿಂದ ಹೊರಡುವುದಿಲ್ಲ ಎಂಬುದೂ ಗೊತ್ತಾಯಿತು. ಕಾಯಿಗಳನ್ನು ಚೀಲಕ್ಕೆ ತುಂಬಿ, ಊಟಕ್ಕೆ ನಿಲ್ಲದೆ ಹೊರಟಳು. ಗೇಟಿನವರೆಗೆ ಬಂದ ಅತ್ತಿಗೆ, "ನಾನು ಆವತ್ತೇ ಹೇಳಬೇಕಿತ್ತು" ಎಂದರು. "ಹೌದು, ಹೇಳಬೇಕಿತ್ತು" ಎಂದಳು. ಗೇಟು ತಾನೇ ತೆಗೆದುಕೊಂಡು ಬಸ್ಸಿಗೆ ನಡೆದಳು.

ಇದಾಗಿ ಒಂದೂವರೆ ವರ್ಷ. ಮೇಣದಕ್ಕನ ರೇಟಿಂಗು ಈಗ ಸಾವಿರದ ಏಳುನೂರರ ಹತ್ತಿರ ಇದೆ. ಅಣ್ಣನೊಂದಿಗೆ ಮಾತಿದೆ, ಹಬ್ಬ ಹುಣ್ಣಿಮೆಯ ಮಾತು, ಆರೋಗ್ಯದ ಮಾತು. ಆಟವಿಲ್ಲ. ಶನಿವಾರ ಮಧ್ಯಾಹ್ನ ಅವಳು ಗ್ರಂಥಾಲಯದ ಮೇಲ್ಮಹಡಿಯಲ್ಲಿ ಸೇರುವ ಚದುರಂಗದವರ ನಡುವೆ ಕೂರುತ್ತಾಳೆ. ಗಡಿಯಾರದ ಗುಂಡಿಯನ್ನು ಅವಳು ಹೊಡೆಯುವ ಸದ್ದಿಗೆ ಕೆಳಗಡೆ ಪೇಪರು ಓದುವವರು ತಲೆ ಎತ್ತುತ್ತಾರೆ ಎಂದು ಅಲ್ಲಿಯವರು ತಮಾಷೆ ಮಾಡುತ್ತಾರೆ.

"ಇಷ್ಟು ಚೆನ್ನಾಗಿ ಆಡ್ತೀರಿ, ಚಿಕ್ಕವಯಸ್ಸಲ್ಲೇ ಯಾಕೆ ಮುಂದುವರಿಸಲಿಲ್ಲ?" ಎಂದು ಮೊನ್ನೆ ಅಲ್ಲಿ ಅವಳೆದುರು ಕೂತು ಆಡುತ್ತಿದ್ದ ಹಿರಿಯರೊಬ್ಬರು ಕೇಳಿದರು. ಉತ್ತರ ಉದ್ದವಿತ್ತು, ಮತ್ತು ಅವರ ಗಡಿಯಾರ ಓಡುತ್ತಿತ್ತು.

"ಮೊದಲು ನಿಮ್ಮ ಕುದುರೆ ನೋಡ್ಕೊಳ್ಳಿ" ಎಂದಳು.