ಬಟ್ಟೆ ತುಳಿದವರ ಮನೆಯ ವಿನ್ನಿ ವಾಕರ್

ಯಾರ್ಕ್‌ಶೈರ್‌ನ ಕ್ರಿಂಬಲ್ ಬ್ರಿಜ್‌ನಲ್ಲಿ ‘ವಾಕರ್’ ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತಿತ್ತು. ಉಣ್ಣೆ ಗಿರಣಿಯ ಒಡೆಯ ಕರ್ನಲ್ ವಾಕರ್. ಅದೇ ಗಿರಣಿಯಲ್ಲಿ ಬಟ್ಟೆಯ ಕಿತ್ತ ಎಳೆಗಳನ್ನು ಸೂಜಿಯಿಂದ ಕೂಡಿಸುವ ವಿನ್ನಿಯೂ ವಾಕರ್. ಮೂವತ್ತೊಂದು ವರ್ಷದಿಂದ ಕಿಟಕಿಯ ಬೆಳಕಿಗೆ ಕೂತು, ತೂತಿದ್ದ ಜಾಗ ಒಡೆಯನಿಗೂ ಗೊತ್ತಾಗದ ಹಾಗೆ ಹೊಲಿಯುತ್ತಿದ್ದವಳು.

೧೯೫೩ರ ವಸಂತದಲ್ಲಿ, ಊರಿನ ಹೆಸರಾಂತ ವಾಕರ್‌ಗಳದೊಂದು ಫಲಕವನ್ನು ಗ್ರಂಥಾಲಯದಲ್ಲಿ ಹಾಕಬೇಕೆಂದು ಸಭೆ ಸೇರಿತು. ನಿವೃತ್ತ ಹೇಗ್ ಮೇಷ್ಟ್ರು ಪಟ್ಟಿ ಓದಿದರು: ಇಬ್ಬರು ಮೇಯರ್, ಒಬ್ಬ ಪಾದ್ರಿ, ಕೌಂಟಿ ತಂಡಕ್ಕೆ ಕ್ರಿಕೆಟ್ ಆಡಿದ ಒಬ್ಬ ಬೌಲರ್, ಗಿರಣಿ ಕಟ್ಟಿಸಿದ ಕರ್ನಲ್‌ರ ಮುತ್ತಜ್ಜ.

“ಈ ಹೆಸರಿಗೆ ಎರಡರ್ಥ,” ಎಂದರು ಮೇಷ್ಟ್ರು. “ರಾಜರ ಕಾಡನ್ನ ನಡೆದು ಸುತ್ತಿ ಕಾಯೋನು ಒಬ್ಬ. ಉಣ್ಣೆ ಬಟ್ಟೇನ ತೊಟ್ಟೀಲಿ ಹಾಕಿ, ತುಳಿದು ಬಿಗಿ ಮಾಡೋನು ಇನ್ನೊಬ್ಬ.”

“ನಮ್ಮದು ಕಾಡಿಂದು,” ಎಂದರು ಕರ್ನಲ್. “ಮೇಲೆ ಜಿಂಕೆ ಕೊಂಬು ಕೆತ್ತಿಸಿ.”

ವಿನ್ನಿ ಎದ್ದಳು. ಪಕ್ಕದ ಗೆಳತಿ ಹಿಲ್ಡಾ ಅವಳ ಕೋಟು ಜಗ್ಗಿದಳು. “ಕೂತ್ಕೊಳ್ಳೇ! ನಾಳೆಯಿಂದ ಕೆಲಸ ಬೇಡ್ವಾ?”

“ಬಿಡೇ! ಕರ್ನಲ್ ಸಾಹೇಬ್ರೇ, ಈ ಕಣಿವೇಲಿ ಕುರಿ ಬಿಟ್ಟರೆ ಜಿಂಕೆ ಎಲ್ಲಿತ್ತು? ಚರ್ಚಿನ ಹಳೇ ಹುಟ್ಟು-ಸಾವಿನ ಪುಸ್ತಕ ನಾನೇ ನೋಡಿದೀನಿ. ಜೋನಸ್, ಏಬೆಲ್ ಅಂತ ಅಣ್ಣತಮ್ಮ, ಇಬ್ಬರೂ ಬಟ್ಟೆ ತುಳಿಯೋರು. ಜೋನಸ್ ನಿಮ್ಮ ಮನೆಯ ಮೂಲ, ಏಬೆಲ್ ನಮ್ಮದು. ತೊಟ್ಟೀಲಿ ಇದ್ದದ್ದು ಪನ್ನೀರಲ್ಲ, ಉಣ್ಣೆ ಜಿಡ್ಡು ಬಿಡಿಸೋಕೆ ಊರವರ ಹಳಸಿದ ಉಚ್ಚೆ. ಅದರಲ್ಲಿ ಮಂಡಿವರೆಗೆ ನಿಂತು ತುಳಿದ್ರು. ಇವತ್ತು ನಮ್ಮ ಬಟ್ಟೆ ಹಾಕ್ಕೊಂಡು ಜನ ಎದೆ ಉಬ್ಬಿಸ್ತಾರಲ್ಲ, ಅದು ಅವರ ಕಾಲಿನ ಪುಣ್ಯ.”

ಸಭೆ ಗೊಳ್ಳೆಂದಿತು. “ಹಾಗಾದ್ರೆ ಕರ್ನಲ್‌ಗೆ ನೀನು ತಂಗಿ ಆಗ್ಬೇಕು!” ಎಂದು ಹಿಂದಿನಿಂದ ಯಾರೋ ಕೂಗಿದರು. ಕರ್ನಲ್ ಕೆಂಪೇರಿ ಎದ್ದು ಹೋದರು.

ವಾರ ಕಳೆಯಿತು. ಒಂದು ಮಧ್ಯಾಹ್ನ ಕರ್ನಲ್ ತಾವಾಗಿ ಹೊಲಿಗೆ ಕೋಣೆಗೆ ಬಂದರು. ಹೆಂಗಸರೆಲ್ಲ ಸೂಜಿ ನಿಲ್ಲಿಸಿದರು. ಅವರು ಟೋಪಿ ತೆಗೆದರು.

“ಮಿಸ್ ವಾಕರ್, ಪುಸ್ತಕ ನೋಡಿದೆ. ನೀವು ಹೇಳಿದ್ದೇ ಸರಿ. ಕೊಂಬು ಬೇಡ ಅಂದಿದೀನಿ. ಏನು ಕೆತ್ತಿಸಲಿ?”

ವಿನ್ನಿ ಯೋಚಿಸಲೂ ಇಲ್ಲ. “ಎರಡು ಬರಿಗಾಲು.”

ಜೂನ್‌ನಲ್ಲಿ ಫಲಕ ಗೋಡೆ ಏರಿತು. ಮೇಲ್ತುದಿಯಲ್ಲಿ ಬರಿಗಾಲು, ಕೆಳಗೆ ‘ಜೋನಸ್ ವಾಕರ್, ಏಬೆಲ್ ವಾಕರ್, ಬಟ್ಟೆ ತುಳಿದವರು’. ಮೇಯರ್‌ಗಳೆಲ್ಲ ಅವರ ನಂತರ. ಕನ್ನಡಕ ಮರೆತು ಬಂದ ಹಿಲ್ಡಾಗೆ ವಿನ್ನಿ ಏಳೂ ಹೆಸರನ್ನು ಗಟ್ಟಿಯಾಗಿ ಓದಿ ಹೇಳಿದಳು.

“ಎಲ್ಲಾ ಸರಿ, ಇದರಲ್ಲಿ ನಿನ್ನ ಹೆಸರೆಲ್ಲೇ?”

“ಕಿವಿ ಕೇಳಿಸಲ್ವಾ? ಏಳು ಸಲ ಓದಿದ್ನಲ್ಲೇ!”